ತಂತಿ ಮುಟ್ಟದ ಎರಡನೇ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಧರ ಗ್ರಂಥಾಲಯದ ಹಿಂಬಾಗಿಲಿನ ಬೀಗ ತೆಗೆದ ಹೆಂಗಸು, ಹೆಗಲ ಚೀಲವನ್ನು ಗೂಟಕ್ಕೆ ನೇತುಹಾಕುವುದಕ್ಕೂ ಪುರುಸೊತ್ತಿಲ್ಲದವರಂತೆ, ನೇರವಾಗಿ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಕಂಪ್ಯೂಟರಿನ ಹಿಂದಿನಿಂದ ಹೊರಟ ಬೂದುಬಣ್ಣದ ತಂತಿಯೊಂದು ಅಲ್ಲಿ ಗೋಡೆ ಹಿಡಿದು ಹೋಗುತ್ತದೆ. ಅದನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಸವರುತ್ತಾ, ಕೂತಲ್ಲಿಂದಲೇ ಜರುಗುತ್ತಾ ಮುಂದೆ ಸಾಗುತ್ತಾರೆ. ಇಲಿ ಹಲ್ಲು ಹಾಕಿದೆಯೇ, ಕುರ್ಚಿಯ ಕಾಲು ಹತ್ತಿದೆಯೇ, ನಿನ್ನೆ ಕಸ ಗುಡಿಸಿದವರು ಎಲ್ಲಾದರೂ ಎಳೆದಿದ್ದಾರೆಯೇ ಎಂದು ಬೆರಳೇ ನೋಡುತ್ತದೆ. ಹೊಸ್ತಿಲು ದಾಟಿ, ಓಣಿಯಂಥ ಪಡಸಾಲೆಯ ಮೂಲೆ ತಿರುಗಿ, ಕಾಗದದ ಕೋಣೆಯೊಳಗೆ ಹೋಗಿ ಆ ತಂತಿ ಒಂದು ಯಂತ್ರದ ಬೆನ್ನಿಗೆ ಸೇರಿಕೊಳ್ಳುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆಯೇ ಆಕೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವುದು.

"ನಿನ್ನೆ ಸಂಜೆ ಚೆನ್ನಾಗೇ ಇತ್ತು ನೋಡಿ. ರಾತ್ರಿ ಯಾರೂ ಬಂದಿಲ್ಲ. ಆದ್ರೂ ಮುಟ್ಟಿ ನೋಡ್ದೆ ಕೂತ್ರೆ ಕೆಲಸಕ್ಕೆ ಕೈ ಹೋಗಲ್ಲ," ಎನ್ನುತ್ತಾರೆ. ಹೇಳುತ್ತಾ ಹೇಳುತ್ತಲೇ ಬಂದ ದಾರಿಯಲ್ಲಿ ವಾಪಸು ನಡೆದಿದ್ದಾರೆ. ಇವರ ಮಾತು ಕೇಳಬೇಕೆಂದರೆ ಹಿಂದೆಯೇ ನಡೆಯಬೇಕು.

ಓದುಗರೆಲ್ಲ ಇವರನ್ನು ಚುಕ್ಕಿಯಮ್ಮ ಎಂದೇ ಕರೆಯುತ್ತಾರೆ. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವುದು ಇವರ ಕೆಲಸ. ಅಲ್ಲಿ ಮಸಿ ಇಲ್ಲ, ಬಣ್ಣ ಇಲ್ಲ. ಆರು ಚುಕ್ಕಿಗಳ ಒಂದೊಂದು ಪುಟ್ಟ ಮನೆಯಲ್ಲಿ ಯಾವ ಚುಕ್ಕಿ ಉಬ್ಬಿದೆ, ಯಾವುದು ಉಬ್ಬಿಲ್ಲ ಎನ್ನುವುದೇ ಅಕ್ಷರ. ಕಂಪ್ಯೂಟರಿನಲ್ಲಿ ಸಿದ್ಧವಾದ ಪಾಠ ತಂತಿಯಲ್ಲಿ ಹರಿದು ಯಂತ್ರಕ್ಕೆ ಹೋಗುತ್ತದೆ. ಯಂತ್ರ ದಪ್ಪ ಕಾಗದಕ್ಕೆ ಮೊಳೆಯಿಂದ ಗುದ್ದಿ ಗುದ್ದಿ ಚುಕ್ಕಿ ಎಬ್ಬಿಸುತ್ತದೆ. ದಿನಕ್ಕೆ ಮುನ್ನೂರು ಪುಟ ಹೊರಬಿದ್ದರೆ ಒಳ್ಳೆಯ ದಿನ.

ಗುದ್ದುವುದು ಎಂದರೆ ಸುಮ್ಮನೆ ಮಾತಿಗಲ್ಲ. ಹೊಲಿಗೆ ಯಂತ್ರವನ್ನೂ ಟೈಪ್‌ರೈಟರನ್ನೂ ಒಂದೇ ಡಬ್ಬದಲ್ಲಿ ಕೂಡಿಹಾಕಿ ಜಗಳಕ್ಕೆ ಬಿಟ್ಟರೆ ಎಂಥ ಸದ್ದಾಗುತ್ತದೋ ಅಂಥ ಸದ್ದು. ಯಂತ್ರ ನಡೆಯುವಾಗ ಪಕ್ಕದಲ್ಲಿ ನಿಂತು ಯಾರೂ ಗುಟ್ಟು ಹೇಳಲಾರರು. ವರ್ಷಗಟ್ಟಲೆ ಚುಕ್ಕಿಯಮ್ಮ ಅದಕ್ಕೆ ಒಂದು ಮೊಳ ದೂರದಲ್ಲಿ ಕೂತು ದುಡಿದಿದ್ದಾರೆ. ಕಂಪ್ಯೂಟರು ಒಂದು ಮೇಜಿನ ಮೇಲೆ, ಯಂತ್ರ ಪಕ್ಕದ ಮೇಜಿನ ಮೇಲೆ, ನಡುವೆ ಒಂದು ಗಿಡ್ಡ ತಂತಿ. ಎಡಗಿವಿ ಯಂತ್ರದ ಕಡೆಗೆ.

ಅದಕ್ಕೂ ಮೊದಲು ಇವರು ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆಯವರು. ಸಾಲುಸಾಲು ಯಂತ್ರಗಳ ನಡುವೆ ಕೂತು ಕಾಲರು ಹೊಲಿದವರು. ಕಾರ್ಖಾನೆಗೆ ಬಾಗಿಲು ಬಿದ್ದಾಗ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಹೊಲಿಗೆ ಹಾಕುವ ಕೆಲಸಕ್ಕೆ ಸೇರಿದರು. ಯಂತ್ರ ನಡೆಸುತ್ತಿದ್ದವರು ನಿವೃತ್ತರಾದರು. ಆ ಕುರ್ಚಿ ಖಾಲಿ ಬಿತ್ತು. "ಯಂತ್ರ ಅಂದ್ರೆ ಯಂತ್ರ ತಾನೆ, ನಾನು ನೋಡ್ದೆ ಇರೋ ಯಂತ್ರಾನಾ ಅಂದೆ. ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಆಮೇಲೆ ಕಲಿಯೋವಾಗ ಕಣ್ಣಲ್ಲಿ ನೀರು ಬಂತು," ಎಂದು ನಗುತ್ತಾರೆ. ಕಂಪ್ಯೂಟರನ್ನು ಕಲಿಸಿಕೊಟ್ಟವರು ಗ್ರಂಥಾಲಯದ ಮೇಡಂ. ಚುಕ್ಕಿಗಳನ್ನು ಕಲಿಸಿದವರು ಹುಟ್ಟಿನಿಂದಲೇ ಕಣ್ಣು ಕಾಣದ ಮಾಸ್ತರು. ಅಚ್ಚಾಗುವ ಪ್ರತಿಯೊಂದು ಪುಸ್ತಕದ ತಪ್ಪು ತಿದ್ದುವವರು ಅವರೇ.

ಕಿವಿಯ ಸಂಗತಿ ಮೊದಲು ಗೊತ್ತಾದದ್ದು ಮನೆಯಲ್ಲಿ. ಚುಕ್ಕಿಯಮ್ಮನ ಯಜಮಾನರು ಕ್ಷೌರಿಕರು. ಕತ್ತರಿ ಹಿಡಿದು ಗಿರಾಕಿಯ ಕಿವಿಯ ಹತ್ತಿರವೇ ಮಾತಾಡಿ ಮಾತಾಡಿ ಅವರ ದನಿ ಹತ್ತಿಯಷ್ಟು ಮೆತ್ತಗಾಗಿದೆ. "ಮದ್ವೆ ಆದಾಗ ನನಗೆ ಹಿಡಿಸಿದ್ದೇ ಆ ದನಿ," ಎಂದು ಹೆಂಡತಿ ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ಆ ದನಿ ಬರಬರುತ್ತಾ ಕಾಣೆಯಾಯಿತು. ಉಪ್ಪು ಕೊಡು ಎಂದರೆ ಏನು ಎನ್ನುವುದು, ಬೀಗ ಹಾಕಿದೆಯಾ ಎಂದರೆ ಯಾರು ಬಂದರು ಎನ್ನುವುದು. ಯಜಮಾನರು ಗಂಟಲು ಏರಿಸಲೇಬೇಕಾಯಿತು. ಜನ್ಮದಲ್ಲಿ ಜೋರು ಮಾಡದ ಮನುಷ್ಯ ಜೋರು ಮಾಡಲು ಶುರುಮಾಡಿದಾಗ ಅಕ್ಕಪಕ್ಕದವರು ಗಂಡ ಹೆಂಡಿರಲ್ಲಿ ಏನೋ ಬಿಗಡಾಯಿಸಿದೆ ಎಂದುಕೊಂಡರು. ಎದುರು ಮನೆಯಾಕೆ ಒಂದು ದಿನ ಸಮಾಧಾನ ಹೇಳುವುದಕ್ಕೂ ಬಂದರಂತೆ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಸುತ್ತಿಬಳಸದೆ ಹೇಳಿದರು. ಎಡಗಿವಿ ಬಹುಪಾಲು ಹೋಗಿದೆ, ಅದು ವಾಪಸು ಬರುವುದಿಲ್ಲ. ಬಲಗಿವಿ ಈಗ ಅದರ ಹಿಂದೆಯೇ ಹೊರಟಿದೆ. ಆ ಯಂತ್ರಕ್ಕೂ ನಿಮಗೂ ನಡುವೆ ಎರಡು ಬಾಗಿಲಾದರೂ ಇರಬೇಕು. ಇಲ್ಲದಿದ್ದರೆ ಕೆಲಸ ಬಿಡಿ.

ಕೆಲಸ ಬಿಡುವ ಮಾತು ಚುಕ್ಕಿಯಮ್ಮನ ಕಿವಿಗೆ ಬಿದ್ದೇ ಇಲ್ಲ. ಅದಕ್ಕೆ ಎಡಗಿವಿಯ ದೋಷ ಕಾರಣವಲ್ಲ. ಎರಡು ಬಾಗಿಲು ಎನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಬಂದರು. ಕಿವಿಗೆ ಮುಚ್ಚಳ ಹಾಕಿ ನೋಡಿದ್ದಾಯಿತು: ಮಾಸ್ತರ ಮಾತೂ ಫೋನೂ ಕೇಳದೆ ಕೆಲಸ ನಿಂತಿತು. ಯಂತ್ರಕ್ಕೇ ಒಂದು ಮರದ ಪೆಟ್ಟಿಗೆ ಮಾಡಿಸಿ ಒಳಗೆ ಸ್ಪಂಜು ಬಡಿಸಿದರು: ಯಂತ್ರ ಸೆಕೆಯಾಗಿ ಮುಷ್ಕರ ಹೂಡಿತು. ಯಂತ್ರದ ಪಕ್ಕಕ್ಕೆ ಇನ್ನೊಂದು ಕಂಪ್ಯೂಟರ್ ಇಡಿ ಎಂದು ಬುದ್ಧಿ ಹೇಳಿದವರೂ ಇದ್ದರು. ಆದರೆ ಅಕ್ಷರವನ್ನು ಚುಕ್ಕಿಗೆ ತಿರುಗಿಸುವ ತಂತ್ರಾಂಶಕ್ಕೆ ಅನುಮತಿ ಇರುವುದು ಒಂದೇ ಕಂಪ್ಯೂಟರಿನಲ್ಲಿ. ಕಾಗದ ಸಿಕ್ಕಿಕೊಂಡಾಗಲೆಲ್ಲ ಎಲ್ಲಿಂದ ಮತ್ತೆ ಶುರು ಎಂದು ಹೇಳಬೇಕಾದದ್ದೂ ಅಲ್ಲಿಯೇ. ಕಂಪ್ಯೂಟರ್ ಎಲ್ಲಿದೆಯೋ ಚುಕ್ಕಿಯಮ್ಮ ಅಲ್ಲಿರಬೇಕು. ಹಾಗಾಗಿ ದೂರ ಹೋಗಬೇಕಾದದ್ದು ಯಂತ್ರ, ಉದ್ದವಾಗಬೇಕಾದದ್ದು ತಂತಿ.

ಕಟ್ಟಡ ಹೀಗಿದೆ: ಕಂಪ್ಯೂಟರಿನ ಕೋಣೆ, ಅದರಾಚೆ ಪಡಸಾಲೆ, ಪಡಸಾಲೆಯ ಮಧ್ಯದಲ್ಲಿ ಕಾಗದದ ಕೋಣೆ, ತೀರಾ ಕೊನೆಯಲ್ಲಿ ಮುರಿದ ಕಪಾಟುಗಳ ಉಗ್ರಾಣ. ಕಂಪ್ಯೂಟರಿನ ಕೋಣೆಗೂ ಪಡಸಾಲೆಗೂ ನಡುವೆ ಬಾಗಿಲಿಲ್ಲ. ಕಾಗದದ ಕೋಣೆಯಲ್ಲಿ ಯಂತ್ರವಿಟ್ಟರೆ ನಡುವೆ ಸಿಗುವುದು ಒಂದು ಬಾಗಿಲು. ಉಗ್ರಾಣಕ್ಕೆ ಮಾತ್ರ ಒಂದರ ಹಿಂದೆ ಇನ್ನೊಂದು, ಎರಡು ಬಾಗಿಲು. ಅಳತೆಯ ಟೇಪು ಹಿಡಿದು ಚುಕ್ಕಿಯಮ್ಮ ಗೋಡೆಗುಂಟ ಹೋದರು. ಕಾಗದದ ಕೋಣೆಗೆ ಹನ್ನೆರಡು ಮೀಟರು, ಉಗ್ರಾಣಕ್ಕೆ ಇಪ್ಪತ್ತಾರು.

ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯವರು ಆ ಅಳತೆ ಕೇಳಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ಪ್ರತಿಯೊಂದು ತಂತಿಗೂ ಒಂದು ಗಡಿ ಇದೆ ಎಂದು ಬಿಡಿಸಿ ಹೇಳಿದರು. ಯುಎಸ್‌ಬಿ ತಂತಿ ಐದು ಮೀಟರಿಗೆ ಏದುಸಿರು ಬಿಡುತ್ತದೆ, ನೆಟ್‌ವರ್ಕ್ ತಂತಿ ನೂರು ಮೀಟರು ಓಡುತ್ತದೆ; ಆದರೆ ಈ ಹಳೆಯ ಯಂತ್ರಕ್ಕೆ ಅವೆರಡನ್ನೂ ಸಿಕ್ಕಿಸುವ ತೂತೇ ಇಲ್ಲ. ಅದಕ್ಕಿರುವುದು ಹಳೇ ಕಾಲದ ಸೀರಿಯಲ್ ತಂತಿ. ಅದಕ್ಕೆ ಹದಿನೈದು ಮೀಟರು ಎಂದು ಇಟ್ಟುಕೊಳ್ಳಿ. ಅದರಾಚೆ ಕಳಿಸಿದ್ದು ಒಂದು, ಮುಟ್ಟಿದ್ದು ಇನ್ನೊಂದು ಆಗಬಹುದು; ಆಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

"ಹೂಂ ಹೂಂ ಅಂದೆ. ತಲೆಗೆ ಹೋಗ್ಲಿಲ್ಲ," ಎನ್ನುತ್ತಾರೆ ಚುಕ್ಕಿಯಮ್ಮ. ಕೈಯಲ್ಲಿ ಬಟ್ಟೆಯ ತುಂಡೊಂದಿದೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಾರೆ. "ನಾನು ಹೊಲಿಗೆಯವಳು. ಬಟ್ಟೆ ಸಾಲ್ದೆ ಇದ್ರೆ ನಾವೇನ್ ಮಾಡ್ತೀವಿ? ತುಂಡು ಸೇರಿಸ್ತೀವಿ. ಒಳಗಿಂದ ಹೊಲಿಗೆ ಕೊಟ್ರೆ ಜೋಡಿಸಿದ್ದು ಯಾರಿಗೂ ಕಾಣಲ್ಲ. ತಂತೀನೂ ಹಂಗೇ ಅಂದ್ಕೊಂಡೆ."

ಅಂಗಡಿಯವರ ಮಾತು ಹಿಂದೆ ಬಿತ್ತು. ಗ್ರಂಥಾಲಯದ ಹಳೆ ಪೆಟ್ಟಿಗೆಗಳನ್ನೆಲ್ಲ ಜಾಲಾಡಿ ಮೂರು ತುಂಡು ತಂತಿ ಹುಡುಕಿದರು. ಒಳಗಿನ ಎಳೆಗಳನ್ನು ಬಣ್ಣ ನೋಡಿ ಬಣ್ಣಕ್ಕೆ ಸೇರಿಸಿ ಹೆಣೆದರು, ಪಟ್ಟಿ ಸುತ್ತಿದರು, ಮೇಲೆ ಚೆಂದಕ್ಕೆ ಬಟ್ಟೆಯ ಕವಚವನ್ನೂ ಹೊಲಿದರು. ಯಂತ್ರ ಉಗ್ರಾಣಕ್ಕೆ ಹೋಯಿತು. ಎರಡು ಬಾಗಿಲು ಮುಚ್ಚಿ, ಕಂಪ್ಯೂಟರಿನ ಮುಂದೆ ಕೂತು ಒಂದು ಪುಟ ಕಳಿಸಿ ಓಡಿಹೋಗಿ ನೋಡಿದರೆ, ಮುತ್ತು ಪೋಣಿಸಿದಂತೆ ಬಂದಿದೆ. ಮಾಸ್ತರು ಬೆರಳಾಡಿಸಿ ಸರಿ ಎಂದರು. ಮೇಡಂ ಎಲ್ಲರಿಗೂ ಸಿಹಿ ಹಂಚಿದರು.

ಆ ದಿನಗಳನ್ನು ನೆನೆದರೆ ಚುಕ್ಕಿಯಮ್ಮನ ಮುಖ ಅರಳಿ ತಕ್ಷಣ ಬಾಡುತ್ತದೆ. ಮೊದಲ ಸಲ ಕೆಲಸದ ನಡುವೆ ಗುಬ್ಬಿಯ ಸದ್ದು ಕೇಳಿಸಿತಂತೆ. ಮಾಸ್ತರು ಓದುವಾಗ ತಮ್ಮಷ್ಟಕ್ಕೆ ಗುನುಗುತ್ತಾರೆ ಎನ್ನುವುದು ಗೊತ್ತಾಯಿತಂತೆ. ಸಂಜೆ ಮನೆಗೆ ಹೋದರೆ ತಲೆಯೊಳಗೆ ಗುಂಯ್‌ಗುಡುವುದು ಕಡಿಮೆಯಾಗಿ, ಯಜಮಾನರ ದನಿ ಬಲಗಿವಿಗೆ ಸಲೀಸಾಗಿ ಸಿಗುತ್ತಿತ್ತು. ಅಕ್ಕಪಕ್ಕದವರೂ ನೆಮ್ಮದಿಯ ಉಸಿರು ಬಿಟ್ಟರು.

ಅದಾಗಿ ಕೆಲವು ತಿಂಗಳಿಗೆ ಒಬ್ಬ ತಾಯಿ ಗ್ರಂಥಾಲಯಕ್ಕೆ ಬಂದರು. ಆಸ್ಪತ್ರೆಯೊಂದರಲ್ಲಿ ಫೋನು ತೆಗೆದು ಉತ್ತರ ಹೇಳುವ ಕೆಲಸ ಆಕೆಯದು, ಕಣ್ಣು ಕಾಣದು. ಮಗಳಿಗೆ ಕಣ್ಣಿದೆ, ಶಾಲೆಗೆ ಹೋಗುತ್ತಾಳೆ. ಮಗಳ ಪಾಠಪುಸ್ತಕವನ್ನೇ ಬ್ರೈಲಿನಲ್ಲಿ ಅಚ್ಚು ಹಾಕಿಸಿಕೊಂಡು, ಸಂಜೆ ಒಂದೇ ಮೇಜಿನಲ್ಲಿ ಎದುರುಬದುರು ಕೂತು ತಾಯಿ ಬೆರಳಿನಲ್ಲಿ, ಮಗಳು ಕಣ್ಣಿನಲ್ಲಿ ಓದುವುದು ಅವರ ಮನೆಯ ರೂಢಿ. ಆಕೆ ಚೀಲದಿಂದ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ, ಮಾಸ್ತರ ಮುಂದಿಟ್ಟರು. "ಇದನ್ನೊಂಚೂರು ಓದಿ ಹೇಳ್ತೀರಾ? ನನ್ನ ಬೆರಳಿಗೇನಾದ್ರೂ ಆಗಿದ್ಯೋ ನೋಡಬೇಕು."

ಮಾಸ್ತರು ಓದಿದರು. ದೊಡ್ಡವರ ಮೈಯಲ್ಲಿ ಇನ್ನೂರ ನಾಲ್ಕು ಮೂಳೆಗಳಿವೆ. ಅವರ ಬೆರಳು ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಇನ್ನೂರ ನಾಲ್ಕೇ. ಇರಬೇಕಾದದ್ದು ಇನ್ನೂರ ಆರು.

ಆ ಸಂಜೆ ಹುಡುಗಿ ತನ್ನ ಪುಸ್ತಕ ಶಾಲೆಯಲ್ಲೇ ಮರೆತು ಬಂದಿದ್ದಳು. ಅಮ್ಮ ಓದಿದ್ದನ್ನೇ ಬಾಯಿಪಾಠ ಮಾಡಿದಳು. ಮರುದಿನ ಎದ್ದುನಿಂತು ಹೇಳಿದಾಗ ತರಗತಿ ಗೊಳ್ಳೆಂದಿತು. ಉಳಿದೆರಡು ಮೂಳೆ ಮನೇಲಿ ಬಿಟ್ಟು ಬಂದ್ಯಾ ಎಂದು ಯಾರೋ ಕೂಗಿದರು. ಅದಷ್ಟೇ ಆಗಿದ್ದರೆ ಮಕ್ಕಳಾಟ ಎಂದು ಮರೆಯಬಹುದಿತ್ತು. ಆದರೆ ಹುಡುಗಿ ಅಂದಿನಿಂದ ಅಮ್ಮನ ಎದುರು ಪುಸ್ತಕ ಹಿಡಿದು ಕೂರುವುದನ್ನು ಬಿಟ್ಟಳು. ನಿಂಗೆ ಸರಿಯಾಗಿ ಗೊತ್ತಾಗಲ್ಲಮ್ಮ, ನಾನು ಟೀಚರನ್ನೇ ಕೇಳ್ಕೋತೀನಿ ಎಂದಳಂತೆ. ಸಿಟ್ಟಿನಿಂದ ಅಲ್ಲ, ಅಮ್ಮನಿಗೆ ಬೇಜಾರಾಗದ ಹಾಗೆ ಮೆಲ್ಲಗೆ.

"ಬೈದಿದ್ರೆ ತಡ್ಕೋತಿದ್ದೆ," ಎಂದರು ಆ ತಾಯಿ. "ಅಯ್ಯೋ ಪಾಪ ಅನ್ನೋ ಹಾಗೆ ಅಂದ್ಳು ನೋಡಿ, ಅದು ತಡ್ಕೊಳ್ಳೋಕೆ ಆಗ್ಲಿಲ್ಲ."

ಚುಕ್ಕಿಯಮ್ಮ ಕಂಪ್ಯೂಟರಿನಲ್ಲಿ ಆ ಪುಟ ತೆಗೆದರು. ಅಲ್ಲಿ ಇನ್ನೂರ ಆರು ಎಂದೇ ಇತ್ತು. ಪರದೆಯ ಮೇಲೆ ಆರು, ಕಾಗದದ ಮೇಲೆ ನಾಲ್ಕು. ನಡುವೆ ಇದ್ದದ್ದು ತಾವೇ ಹೆಣೆದ ತಂತಿ ಒಂದೇ. ಬಟ್ಟೆಯ ಕವಚ ಹೊಲಿದು ಚೆಂದ ಮಾಡಿದ ತಂತಿ. "ಆಯಮ್ಮನ ಮುಖ ನೋಡೋಕೆ ಆಗ್ಲಿಲ್ಲ. ಆಕೆಗೆ ಕಾಣಲ್ಲ ಅಂತ ಗೊತ್ತಿದ್ರೂ ಮುಖ ತಿರುಗಿಸ್ಕೊಂಡೆ," ಎನ್ನುವಾಗ ಚುಕ್ಕಿಯಮ್ಮನ ಕೈಯ ಬಟ್ಟೆ ಮೇಜಿನ ಮೇಲೆ ನಿಂತುಬಿಡುತ್ತದೆ. ಬೆಳಗಿನಿಂದ ಆ ಕೈ ನಿಂತದ್ದು ಅದೇ ಮೊದಲು.

ಈ ತಪ್ಪು ಮಾಸ್ತರಿಗೆ ಯಾಕೆ ಸಿಕ್ಕಲಿಲ್ಲ ಎಂದರೆ, ಅವರು ಪೂರ್ತಿ ತಿದ್ದುವುದು ಮೊದಲ ಕರಡನ್ನು. ಆಮೇಲೆ ಅಚ್ಚಾಗುವ ಪ್ರತಿಗಳಲ್ಲಿ ಮೊದಲ ಪುಟ, ಕೊನೆಯ ಪುಟ ಮುಟ್ಟಿ ನೋಡಿ ಬಿಡುವುದು ವಾಡಿಕೆ. ಕರಡು ಸರಿಯಿದ್ದರೆ ಪ್ರತಿಯೂ ಸರಿ ಇರಲೇಬೇಕಲ್ಲ. ಇಷ್ಟು ವರ್ಷ ಇದ್ದದ್ದು ಹಾಗೆಯೇ. ಈಗ ಮಾಸ್ತರು ಕಪಾಟಿನಲ್ಲಿದ್ದ ಹೊಸ ಪುಸ್ತಕಗಳನ್ನು ಒಂದೊಂದಾಗಿ ಎಳೆದು ಪುಟ ಪುಟವನ್ನೂ ಓದಿದರು. ತಪ್ಪುಗಳು ಎಲ್ಲ ಕಡೆ ಇರಲಿಲ್ಲ. ಹತ್ತಾರು ಪುಟ ಸ್ವಚ್ಛ, ನಡುವೆ ಎರಡು ಮೂರು ಪುಟಗಳಲ್ಲಿ ಮಾತ್ರ ಅಕ್ಷರಗಳು ವೇಷ ಬದಲಿಸಿದ್ದವು. ಕೊನೆಗೆ ಅದರ ಗುಟ್ಟು ಬಿಡಿಸಿದವರು ಅಂಗಡಿಯವರು. ಕಾಗದದ ಕೋಣೆ ದಾಟಿದ ಮೇಲೆ ಉಗ್ರಾಣದವರೆಗಿನ ಗೋಡೆಯಲ್ಲಿ ನೀರಿನ ಪಂಪಿನ ಕರೆಂಟು ಲೈನು ಹೋಗುತ್ತದೆ. ಮೊದಲೇ ತಂತಿಯ ಉದ್ದ ಹೆಚ್ಚಾಗಿ, ಜೋಡಣೆಗಳಲ್ಲಿ ಸೊರಗಿ ಬರುವ ಅಕ್ಷರದ ಸನ್ನೆ. ಪಂಪು ಶುರುವಾದಾಗ ಅದರ ಗಲಾಟೆಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತಿತ್ತು. ಅಂಗಡಿಯವರು ನಾನು ಆಗಲೇ ಹೇಳಿದ್ದೆ ಎನ್ನಲಿಲ್ಲ. ಅನ್ನದೆ ಇದ್ದದ್ದಕ್ಕೆ ಚುಕ್ಕಿಯಮ್ಮ ಇವತ್ತಿಗೂ ಅವರನ್ನು ನೆನೆಯುತ್ತಾರೆ.

ಉಗ್ರಾಣದಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಹೆಚ್ಚಿನವು ಆಗಲೇ ಓದುಗರ ಮನೆ ಸೇರಿದ್ದವು. ಅಂಚೆಯಲ್ಲಿ ವಾಪಸು ತರಿಸಿದರಾಯಿತು ಎಂದರು ಮೇಡಂ. ಚುಕ್ಕಿಯಮ್ಮ ಒಪ್ಪಲಿಲ್ಲ. ಬಸ್ಸು ಹತ್ತಿದರು. ವಾರಗಟ್ಟಲೆ ಬೆಳಗ್ಗೆ ಕಂಪ್ಯೂಟರಿನ ಕೆಲಸ, ಮಧ್ಯಾಹ್ನದ ಮೇಲೆ ಮನೆ ಮನೆ ಅಲೆತ. ಬಾಗಿಲು ತಟ್ಟುವುದು, ನನ್ನಿಂದ ತಪ್ಪಾಗಿದೆ ಎನ್ನುವುದು, ಪುಸ್ತಕ ಇಸಿದುಕೊಳ್ಳುವುದು. ಯಾವ ಮನೆಯಲ್ಲಿ ಏನು ಅನ್ನುತ್ತಾರೋ ಎಂದು ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ಅದೇ ಲೆಕ್ಕಾಚಾರ.

ಬೈದವರಿದ್ದರು. ಕೂರಿಸಿ ನೀರು ಕೊಟ್ಟವರೂ ಇದ್ದರು. ನಿವೃತ್ತ ಪಿಯಾನೋ ಮೇಷ್ಟ್ರೊಬ್ಬರು ಕಾದಂಬರಿ ವಾಪಸು ಕೊಡುವುದಕ್ಕೇ ಹಿಂದೆಮುಂದೆ ನೋಡಿದರು. ಅದರ ಮಧ್ಯದ ಒಂದು ಪುಟದಲ್ಲಿ ನಾಯಕಿಯ ಹೆಸರು ಅಕ್ಷರ ತಪ್ಪಿ ಬೇರೆಯೇ ಹೆಸರಾಗಿತ್ತು. "ಹೊಸಬಳು ಬಂದ್ಳು ಅಂದ್ಕೊಂಡೆ ಕಣಮ್ಮ. ಒಂದೇ ಒಂದು ಮಾತಾಡಿ ಹೋದ್ಲು, ಎಷ್ಟು ಗತ್ತು ಅವಳಿಗೆ! ಪುಸ್ತಕ ಮುಗಿಯೋವರೆಗೂ ಕಾದೆ. ಬರ್ಲೇ ಇಲ್ಲ. ಈಗ ನೀನು ಬಂದು ಅವಳು ಇರಲೇ ಇಲ್ಲ ಅಂತೀಯಲ್ಲ," ಎಂದರಂತೆ. ಅದನ್ನು ಹೇಳಿ ಚುಕ್ಕಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ.

ಕೊನೆಗೆ ಉಳಿಸಿಕೊಂಡದ್ದು ಫೋನಿನ ತಾಯಿಯ ಮನೆ. ಬಾಗಿಲು ತೆಗೆದದ್ದು ಹುಡುಗಿಯೇ. ಚುಕ್ಕಿಯಮ್ಮ ಅವಳ ಮಟ್ಟಕ್ಕೆ ಬಗ್ಗಿ, ನಿಮ್ಮಮ್ಮ ಸರಿಯಾಗೇ ಓದಿದ್ರು, ತಪ್ಪು ಅಚ್ಚು ಹಾಕಿದ್ದು ನಾನು ಎಂದರು. ಹುಡುಗಿ ಕೇಳಿದಳು: "ಹಂಗಾದ್ರೆ ಮಿಕ್ಕಿದ್ದು ಸರಿ ಇದ್ಯಾ?"

ಚುಕ್ಕಿಯಮ್ಮ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬಸ್ಸು ಹತ್ತಿದರು. "ಮಗು ಕೇಳಿದ್ದು ನ್ಯಾಯವಾಗೇ ಇತ್ತು. ಒಂದು ತಪ್ಪಾದ್ರೆ ಮಿಕ್ಕಿದ್ದು ಸರಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಬಸ್ಸಲ್ಲಿ ಬರ್ತಾ ಅದೊಂದೇ ಮಾತು. ಇಳಿಯೋ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಹೋಗಿದ್ದೆ."

ಅಂಗಡಿಯವರು ತಮ್ಮಿಂದಾದದ್ದನ್ನು ಮಾಡಿದರು. ತೇಪೆ ತಂತಿಯನ್ನು ಬಿಸಾಡಿ, ಮೇಲೆ ಲೋಹದ ಹೆಣಿಗೆಯಿರುವ ಒಂದೇ ಉದ್ದದ ತಂತಿ ತಂದರು. ಕಂಪ್ಯೂಟರಿನಿಂದ ಅಕ್ಷರ ಹೊರಡುವ ವೇಗ ತಗ್ಗಿಸಿದರು. ನಿಧಾನವಾಗಿ ಕಳಿಸಿದರೆ ಇದೇ ತಂತಿ ಇನ್ನೂ ದೂರ ಮುಟ್ಟಿಸುತ್ತದೆ ಎಂದು ವಿವರಿಸಿದರು. ಉಗ್ರಾಣದಲ್ಲೇ ಯಂತ್ರವಿಟ್ಟು ಒಂದು ಇಡೀ ಪುಸ್ತಕ ಅಚ್ಚು ಹಾಕಿ ನೋಡಿದರು. ಮಾಸ್ತರು ಎರಡು ದಿನ ಕೂತು ಒಂದು ಚುಕ್ಕಿಯನ್ನೂ ಬಿಡದೆ ಓದಿದರು. ಇಡೀ ಪುಸ್ತಕದಲ್ಲಿ ತಪ್ಪಿದ್ದು ಒಂದೇ ಒಂದು ಅಕ್ಷರ. ಅದೂ ಪಂಪು ಓಡುತ್ತಿದ್ದ ಹೊತ್ತಿನಲ್ಲಿ.

ಒಂದೇ ತಾನೆ ಎಂದರು ಮೇಡಂ. ಮನುಷ್ಯರು ಕೈಯಾರೆ ಮಾಡುವ ತಪ್ಪು ಇದಕ್ಕಿಂತ ಜಾಸ್ತಿ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಚುಕ್ಕಿಯಮ್ಮನ ಕಿವಿಯ ಮೇಲಿನ ಕಾಳಜಿಯೂ ಇತ್ತು. ಮನೆಯಲ್ಲಿ ಯಜಮಾನರೂ ಅದನ್ನೇ ಹೇಳಿದರು. ಒಂದಕ್ಷರಕ್ಕೆ ಒಂದು ಕಿವಿ ಕೊಡ್ತೀಯಾ ಎಂದು, ಅವರ ಮಟ್ಟಿಗೆ, ರೇಗಿದರು.

"ಒಂದೇ ಸರಿ. ಆ ಒಂದು ಯಾವ ಪುಟದಲ್ಲಿ ಕೂರುತ್ತೆ ಅಂತ ಯಾರಿಗೆ ಗೊತ್ತು? ಮಾತ್ರೆ ಎಷ್ಟು ತಗೋಬೇಕು ಅನ್ನೋ ಪುಟದಲ್ಲಿ ಕೂತ್ರೆ? ಕಣ್ಣಿರೋರು ಅನುಮಾನ ಬಂದ್ರೆ ಇನ್ನೊಂದು ಪುಸ್ತಕ ತೆಗೀತಾರೆ. ಇವರಿಗೆ ಇರೋದು ನಾವು ಕೊಟ್ಟಿದ್ದೇ," ಎನ್ನುತ್ತಾರೆ ಚುಕ್ಕಿಯಮ್ಮ. ಆ ವಾರವೆಲ್ಲ ಅವರು ಊಟಕ್ಕೆ ಕೂತರೂ ಎದ್ದರು, ಮಲಗಿದರೂ ಎದ್ದರು. ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡುವ ಹೆಜ್ಜೆಯ ಸದ್ದಿನಿಂದ ಮಾಸ್ತರಿಗೆ ಓದುವುದೇ ಕಷ್ಟವಾಯಿತು. ಕೂತ್ಕೊಳ್ಳಮ್ಮ ಎಂದು ಅವರು ಗದರಿದ್ದೂ ಉಂಟು.

ಒಂದು ಬೆಳಗ್ಗೆ ಬಂದವರೇ ಕಸ ಗುಡಿಸುವವರನ್ನೂ ಕಾವಲಿನವರನ್ನೂ ಕರೆದು ಯಂತ್ರಕ್ಕೆ ಕೈ ಹಾಕಿಸಿದರು. ಉಗ್ರಾಣದಿಂದ ಹೊರಟ ಯಂತ್ರ ಪಡಸಾಲೆಯಲ್ಲಿ ಹಿಂದಕ್ಕೆ ಬಂತು. ಕಂಪ್ಯೂಟರಿನ ಕೋಣೆಯವರೆಗೂ ಬರದೆ ಕಾಗದದ ಕೋಣೆಯಲ್ಲಿ ನಿಂತಿತು. ಪಂಪಿನ ಲೈನು ಶುರುವಾಗುವ ಮುಂಚೆ, ಹದಿನೈದು ಮೀಟರಿನ ಗಡಿಯೊಳಗೆ. ಒಂದೇ ಉದ್ದದ ತಂತಿ, ಅದೇ ನಿಧಾನದ ವೇಗ. ಮತ್ತೆ ಒಂದು ಪುಸ್ತಕ ಅಚ್ಚಾಯಿತು, ಮತ್ತೆ ಮಾಸ್ತರು ಕೂತರು. ಒಂದು ತಪ್ಪೂ ಇಲ್ಲ. ಇನ್ನೊಂದು ಪುಸ್ತಕ ಹಾಕಿಸಿದರು, ಅದರಲ್ಲೂ ಇಲ್ಲ. ಈಗ ಮೊದಲ ಪುಟ, ಕೊನೆಯ ಪುಟದ ವಾಡಿಕೆ ಹೋಗಿದೆ. ಯಾವುದಾದರೂ ಹತ್ತು ಪುಟ, ಅದರಲ್ಲೂ ಅಂಕಿ ಇರುವ ಪುಟ, ಮಾಸ್ತರ ಬೆರಳಿನಡಿ ಹೋಗದೆ ಯಾವ ಪುಸ್ತಕವೂ ಹೊರಗೆ ಕಾಲಿಡುವುದಿಲ್ಲ. ನಿಧಾನದ ವೇಗದಿಂದ ದಿನದ ಪುಟಗಳು ಕಡಿಮೆಯಾಗಿವೆ. ಅದಕ್ಕೇ ಚುಕ್ಕಿಯಮ್ಮ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವುದು.

ಈಗ ಬಿಸಿಲು ಕಿಟಕಿ ದಾಟಿ ಮೇಜಿಗೆ ಬಂದಿದೆ. ಕಾಗದದ ಕೋಣೆಯ ಬಾಗಿಲು ಮುಚ್ಚಿದೆ. ಆದರೂ ಒಳಗಿನ ಗುದ್ದು ಇಲ್ಲಿಗೆ ದಪ್ಪಗೆ ಕೇಳಿಸುತ್ತದೆ, ಯಾರೋ ಪಕ್ಕದ ಮನೆಯಲ್ಲಿ ಮೊಳೆ ಹೊಡೆಯುತ್ತಿರುವಂತೆ. ಡಾಕ್ಟರು ಹೋದ ತಿಂಗಳ ಪರೀಕ್ಷೆಯಲ್ಲಿ ಬಲಗಿವಿ ಇನ್ನೂ ಸ್ವಲ್ಪ ಇಳಿದಿದೆ ಎಂದಿದ್ದಾರೆ; ಮೊದಲಿನಷ್ಟು ಬೇಗ ಇಳಿಯುತ್ತಿಲ್ಲ ಎಂದೂ ಹೇಳಿದ್ದಾರೆ. ಈ ಎರಡರಲ್ಲಿ ಚುಕ್ಕಿಯಮ್ಮ ಎರಡನೆಯದನ್ನು ಮಾತ್ರ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಯಜಮಾನರು ಚಹಾದ ಫ್ಲಾಸ್ಕು ಹಿಡಿದು ಒಳಗೆ ಬರುತ್ತಾರೆ. ಹೆಂಡತಿಯ ಎಡಕ್ಕೆ ಬಂದವರು ನೆನಪಾಗಿ ಕುರ್ಚಿ ಸುತ್ತುಹಾಕಿ ಬಲಕ್ಕೆ ನಿಲ್ಲುತ್ತಾರೆ. ಗಿರಾಕಿಗೆ ಬಗ್ಗುವಂತೆ ಬಗ್ಗಿ ಏನೋ ಹೇಳುತ್ತಾರೆ. "ಏನು?" ಎನ್ನುತ್ತಾರೆ ಚುಕ್ಕಿಯಮ್ಮ. ಅವರು ಮತ್ತೆ ಹೇಳುತ್ತಾರೆ, ದನಿ ಏರಿಸದೆ, ಇನ್ನೂ ಹತ್ತಿರ ಬಗ್ಗಿ. "ಬಿಸಿ ಇದೆ, ಆರೋಕೆ ಮುಂಚೆ ಕುಡಿ ಅಂದೆ. ನೀನು ಕುಡಿಯಲ್ಲ, ಗೊತ್ತು." ಈ ಸಲ ಕೇಳಿಸಿದೆ. ಚಹಾ ಸುರಿದುಕೊಂಡವರು ಒಂದು ಗುಟುಕಿಗೇ ಎದ್ದು ಕಾಗದದ ಕೋಣೆಯ ಕಡೆ ಹೊರಡುತ್ತಾರೆ. ಹಿಂದೆ ಯಜಮಾನರು ಲೋಟಕ್ಕೆ ತಟ್ಟೆ ಮುಚ್ಚುತ್ತಾರೆ.

ಬಾಗಿಲು ತೆಗೆದರೆ ಸದ್ದು ಮೈಮೇಲೆ ಬೀಳುತ್ತದೆ. ಯಂತ್ರದಿಂದ ಬಿಳಿಯ ದಪ್ಪ ಹಾಳೆಗಳು ಒಂದರ ಮೇಲೊಂದು ಮಡಚಿಕೊಂಡು ಇಳಿಯುತ್ತಿವೆ. ಚುಕ್ಕಿಯಮ್ಮ ಕೊನೆಯ ಹಾಳೆಯ ಮೇಲೆ ಅಂಗೈ ಇಟ್ಟು ನೋಡಿ ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಾರೆ. ಅದು ಫೋನಿನ ತಾಯಿಯ ಮಗಳ ಮುಂದಿನ ತರಗತಿಯ ಪುಸ್ತಕ. ಮೂಳೆಯ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿ ಕಳಿಸಿದ ಮೇಲೆ ಹುಡುಗಿ ಬಹಳ ದಿನ ದೂರವೇ ಇದ್ದಳಂತೆ. ಆಮೇಲೊಂದು ಸಂಜೆ ತಾನಾಗಿ ಬಂದು ಎದುರು ಕೂತು, ಅಮ್ಮ ಓದಿದ ಸಾಲನ್ನೆಲ್ಲ ತನ್ನ ಪುಸ್ತಕದಲ್ಲಿ ಬೆರಳಿಟ್ಟು ತಾಳೆ ನೋಡಿದಳಂತೆ. ಪಾಠ ಮುಗಿಯುವ ಹೊತ್ತಿಗೆ ನೋಡುವುದನ್ನು ಬಿಟ್ಟು ಬರೀ ಕೇಳುತ್ತಿದ್ದಳಂತೆ. ಮುಂದಿನ ವರ್ಷದ್ದೂ ಅಮ್ಮನಿಗೆ ಹಾಕ್ಸಿಕೊಡಿ ಎಂದು ಫೋನು ಮಾಡಿದ್ದು ಅವಳೇ.

"ಬಲಗಿವಿಗೇ ಇಟ್ಕೊಂಡು ಕೇಳ್ದೆ ಫೋನು. ಒಂದಕ್ಷರಾನೂ ತಪ್ಪಲಿಲ್ಲ," ಎನ್ನುತ್ತಾರೆ ಚುಕ್ಕಿಯಮ್ಮ.

ಪಡಸಾಲೆಯ ಕೊನೆಯಲ್ಲಿ ಉಗ್ರಾಣದ ಬಾಗಿಲು ಕಾಣುತ್ತದೆ. ಅಲ್ಲಿಯವರೆಗೆ ಹೋದ ತಂತಿಯ ಗುರುತಾಗಿ ಗೋಡೆಯಲ್ಲಿ ಮೊಳೆಯ ತೂತುಗಳು ಸಾಲಾಗಿ ಉಳಿದಿವೆ. ಇನ್ನೂ ದೂರ ತಪ್ಪಿಲ್ಲದೆ ಮುಟ್ಟಿಸುವ ಹೊಸ ಬಗೆಯ ಪೆಟ್ಟಿಗೆ ಬಂದಿದೆಯಂತೆ, ಈ ಹಳೆಯ ಯಂತ್ರಕ್ಕೆ ಹೊಂದುತ್ತದೋ ಇಲ್ಲವೋ ನೋಡಬೇಕು ಎಂದು ಅಂಗಡಿಯವರು ಹೇಳಿದ್ದಾರೆ. ಹೊಂದಿದರೆ ಸಂತೋಷ, ಅದೊಂದೇ ತಮ್ಮ ಆಸೆ ಎನ್ನುತ್ತಾರೆ ಚುಕ್ಕಿಯಮ್ಮ. ಹೊಂದದಿದ್ದರೆ?

ಅವರು ಆಗಲೇ ಕಂಪ್ಯೂಟರಿನ ಕಡೆ ಹೊರಟಿದ್ದಾರೆ. ಮೂಲೆ ತಿರುಗುವ ಮುಂಚೆ ಒಮ್ಮೆ ನಿಲ್ಲುತ್ತಾರೆ.

"ಡಾಕ್ಟರು ಎರಡು ಬಾಗಿಲು ಬೇಕು ಅಂದಿದ್ರು. ಒಂದು ನಾನು ಇಟ್ಕೊಂಡಿದ್ದೀನಿ. ಇನ್ನೊಂದನ್ನ ಆ ಮಗೂಗೆ ಕೊಟ್ಟೆ."